ಜಾರುವ ಚಕ್ರಕ್ಕೆ ಕಡಿವಾಣ

ಕಾರು ತಿರುವಿನಲ್ಲಿ ಸಾಗುವಾಗ ಹೊರಮಗ್ಗುಲಿನ ಚಕ್ರ ಒಳಮಗ್ಗುಲಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡನ್ನೂ ಒಂದೇ ಎಂಜಿನ್ ತಿರುಗಿಸುತ್ತಿದ್ದರೂ ಅವು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. 1968ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ಫೋರ್ಡ್ ಎಸ್ಕಾರ್ಟ್‌ನಂಥ ಹಳೆಯ ಕಾರುಗಳಲ್ಲಿ ಇದು ಹಿಂದಿನ ಆಕ್ಸಲ್‌ನ ನಡುವಿನ ಹೌಸಿಂಗ್‌ನಲ್ಲಿರುತ್ತದೆ. 1970ರ ಲಂಡನ್–ಮೆಕ್ಸಿಕೊ ರ‍್ಯಾಲಿ ಗೆದ್ದ ಈ ಕಾರನ್ನು ಇಂದಿಗೂ ರ‍್ಯಾಲಿಗೆ ಸಜ್ಜುಗೊಳಿಸುವವರು ಸಾದಾ ಡಿಫರೆನ್ಷಿಯಲ್ ತೆಗೆದು ಲಿಮಿಟೆಡ್ ಸ್ಲಿಪ್ ಮಾದರಿಯದನ್ನು ಕೂರಿಸುತ್ತಾರೆ.

ಸಾದಾ ಡಿಫರೆನ್ಷಿಯಲ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಬೇರೂರಿದೆ: ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಟಾರ್ಕ್ (ತಿರುಗಿಸುವ ಬಲ) ಎಲ್ಲ ಅದಕ್ಕೇ ಹೋಗಿಬಿಡುತ್ತದೆ, ಇನ್ನೊಂದಕ್ಕೆ ಏನೂ ಸಿಗುವುದಿಲ್ಲ ಎಂಬುದು. ಇದನ್ನು ಇನ್ನಾದರೂ ಕೈಬಿಡಬೇಕು. ಡಿಫರೆನ್ಷಿಯಲ್‌ನಲ್ಲಿ ಎರಡು ಚಕ್ರಗಳ ಕಡೆಯ ಗೇರುಗಳ ನಡುವೆ ಕೂರುವ ಪುಟ್ಟ ಗೇರು ತಕ್ಕಡಿಯ ದಂಡದ ಹಾಗೆ. ನಡುವೆ ತಳ್ಳಿದ ಬಲವನ್ನು ಎರಡೂ ಬದಿಗೆ ಸಮನಾಗಿ ಹಂಚುತ್ತದೆ. ತೊಂದರೆಯೂ ಈ ಸಮಪಾಲಿನಲ್ಲೇ ಇದೆ. ಕೆಸರಿನ ಮೇಲಿನ ಚಕ್ರ 60 ನ್ಯೂಟನ್ ಮೀಟರ್‌ಗೇ ಜಾರಿದರೆ, ಗಟ್ಟಿ ನೆಲದ ಮೇಲಿರುವ ಚಕ್ರಕ್ಕೆ 600ನ್ನು ತಾಳುವ ಹಿಡಿತವಿದ್ದರೂ ಸಿಗುವುದು ಅದೇ 60. ಒಟ್ಟು 120ಕ್ಕೆ ಕಾರು ಕದಲುವುದಿಲ್ಲ. ಎಂಜಿನ್ನಿನ ಶಕ್ತಿಯೆಲ್ಲ ಜಾರುವ ಚಕ್ರವನ್ನು ಗಿರಗಿರನೆ ತಿರುಗಿಸುವುದರಲ್ಲೇ ಕಳೆಯುವುದು ನಿಜ. ನಿಂತ ಚಕ್ರ ಕೆಲಸವನ್ನೇ ಮಾಡದಿರುವುದು ಅದಕ್ಕೆ ಕಾರಣ.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಈ ಸಮಪಾಲನ್ನು ಮುರಿಯುತ್ತದೆ. ಪ್ಲೇಟ್ ಮಾದರಿಯಲ್ಲಿ ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಒಂದು ಬಿಟ್ಟು ಒಂದು ಬಿಲ್ಲೆ ಚಕ್ರದ ಕಡೆಯ ಗೇರಿನೊಂದಿಗೆ, ಉಳಿದವು ಹೊರಕವಚದೊಂದಿಗೆ ಸುತ್ತುತ್ತವೆ. ಇವುಗಳ ಘರ್ಷಣೆ ಎರಡು ಬದಿಗಳ ನಡುವೆ 200 ನ್ಯೂಟನ್ ಮೀಟರ್ ವ್ಯತ್ಯಾಸ ತಂದರೆ, ಕೆಸರಿನ ಚಕ್ರಕ್ಕೆ 60 ಇದ್ದಾಗ ಗಟ್ಟಿ ನೆಲದ ಚಕ್ರಕ್ಕೆ 260 ದೊರೆಯುತ್ತದೆ.

ಬಿಲ್ಲೆಗಳನ್ನು ಅದುಮುವ ಬಲ ಎಂಜಿನ್ನಿನಿಂದಲೇ ಬರುವುದು ಈ ಯಂತ್ರದ ಚೆಲುವು. ಪುಟ್ಟ ಗೇರುಗಳನ್ನು ಹೊತ್ತ ಪಿನ್ನು ಎರಡು ಒತ್ತುಬಳೆಗಳ ನಡುವಿನ ಇಳಿಜಾರು ಕಚ್ಚಿನಲ್ಲಿ ಕುಳಿತಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಪಿನ್ನು ಇಳಿಜಾರನ್ನು ಏರಲು ಹೋಗಿ ಬಳೆಗಳನ್ನು ಆಚೀಚೆ ತಳ್ಳುತ್ತದೆ, ಬಿಲ್ಲೆಗಳು ಬಿಗಿಯುತ್ತವೆ. ಟಾರ್ಕ್ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಕಚ್ಚಿನ ಇನ್ನೊಂದು ಬದಿಯನ್ನು ಇಳಿಜಾರಿಲ್ಲದೆ ನೇರ ಗೋಡೆಯಾಗಿ ಕಡೆದರೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಬಳೆಗಳನ್ನು ತಳ್ಳುವ ಬಲವೇ ಇರುವುದಿಲ್ಲ.

‘ಇಂಗ್ಲಿಷ್ ಆಕ್ಸಲ್’ ಎಂದು ಕರೆಯುವ ಎಸ್ಕಾರ್ಟ್‌ನ ಹಿಂದಿನ ಆಕ್ಸಲ್ ಡಿಫರೆನ್ಷಿಯಲ್ ಬದಲಿಸುವ ಕೆಲಸಕ್ಕೆ ಅನುಕೂಲಕರ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಬ್ರೇಕ್ ಡ್ರಮ್ ತೆಗೆದು, ಎರಡೂ ಬದಿಯ ಆಕ್ಸಲ್ ಶಾಫ್ಟ್‌ಗಳನ್ನು ಹೊರಗೆಳೆದರೆ ಇಡೀ ಜೋಡಣೆ ಹೌಸಿಂಗ್‌ನ ಮುಂಭಾಗದಿಂದ ಹೊರಬರುತ್ತದೆ. ಬೇರಿಂಗ್ ಕ್ಯಾಪ್‌ಗಳನ್ನು ಬಿಚ್ಚುವ ಮೊದಲೇ ಎಡ, ಬಲ ಗುರುತು ಹಾಕಬೇಕು. ಅವು ಅದಲುಬದಲಾದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಡಿಫರೆನ್ಷಿಯಲ್‌ಗೆ ಬಿಗಿದ ದೊಡ್ಡ ಗೇರಾದ ಕ್ರೌನ್ ಮತ್ತು ಅದನ್ನು ತಿರುಗಿಸುವ ಗೇರಾದ ಪಿನಿಯನ್ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ. ಆದ್ದರಿಂದ ಹಳೆಯ ಪಿನಿಯನ್ ಉಳಿಸಿಕೊಂಡರೆ ಅದರ ಕ್ರೌನನ್ನೇ ಹೊಸ ಡಿಫರೆನ್ಷಿಯಲ್‌ಗೆ ಬಿಗಿಯಬೇಕು.

ನಾಜೂಕಿನ ಕೆಲಸ ಆಮೇಲಿನದು. ಹಲ್ಲುಗಳ ನಡುವಿನ ಪ್ಲೇಯನ್ನು ಡಯಲ್ ಗೇಜಿನಿಂದ ಅಳೆದು, ಎರಡು ಬದಿಯ ತಿರುಪುಬಳೆಗಳಲ್ಲಿ ಒಂದನ್ನು ಸಡಿಲಿಸಿ ಇನ್ನೊಂದನ್ನು ಅಷ್ಟೇ ಬಿಗಿದು ಸರಿಪಡಿಸುತ್ತಾರೆ. ಇದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದ ಲೆಕ್ಕ. ಬಳಿಕ ಕ್ರೌನಿನ ಹಲ್ಲುಗಳಿಗೆ ಬಣ್ಣದ ಪೇಸ್ಟ್ ಸವರಿ ತಿರುಗಿಸಿದರೆ ಪಿನಿಯನ್ ತಾಗಿದ ಜಾಗ ಅಚ್ಚಾಗಿ ಕಾಣುತ್ತದೆ. ಅಚ್ಚು ಹಲ್ಲಿನ ನಡುಭಾಗದಲ್ಲಿದ್ದರೆ ಜೋಡಣೆ ಸರಿ. ಅಂಚಿಗೆ ಸರಿದಿದ್ದರೆ ಆಕ್ಸಲ್ ಗೊಂಯ್ಗುಡುತ್ತದೆ, ಹಲ್ಲು ಬೇಗ ಸವೆಯುತ್ತದೆ.

ಕೊನೆಗೆ ಲಿಮಿಟೆಡ್ ಸ್ಲಿಪ್‌ಗೆಂದೇ ತಯಾರಿಸಿದ ಗೇರ್ ಆಯಿಲ್ ತುಂಬಬೇಕು. ಬೇರೆ ಆಯಿಲ್ ಹಾಕಿದರೆ ಬಿಲ್ಲೆಗಳು ಹಿಡಿದು ಬಿಟ್ಟು ನಿಧಾನದ ತಿರುವಿನಲ್ಲಿ ಕಾರು ಅದುರಬಹುದು. ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತು ಹಾಕಿದರೆ ಹೊಸ ಬಿಲ್ಲೆಗಳು ಪಳಗುತ್ತವೆ. ಒಂದೇ ಚಕ್ರವನ್ನು ಜಾಕಿಯಲ್ಲಿ ಎತ್ತಿ ಎಂಜಿನ್ ಚಾಲೂ ಇಟ್ಟು ಗೇರು ಹಾಕುವ ಅಭ್ಯಾಸವನ್ನು ಮಾತ್ರ ಇನ್ನು ಪೂರ್ತಿ ಬಿಡಬೇಕು. ನೆಲಕ್ಕೆ ತಾಗಿರುವ ಚಕ್ರಕ್ಕೂ ಟಾರ್ಕ್ ತಲುಪಿ ಕಾರು ಜಾಕಿಯಿಂದ ಮುನ್ನುಗ್ಗುವ ಅಪಾಯವಿದೆ.