ತಳವಿಲ್ಲದ ಗಿಂಡಿ

ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ನ್ಯೂವೆಲ್ ಎಂಬ ಸಂಶೋಧಕನಿಗೆ 1975ರಲ್ಲಿ ಗಣಕಯಂತ್ರದ ತೆರೆಯ ಮೇಲೆ ಮೂಡಿಸಿ ನೋಡಲು ಒಂದು ಪರಿಚಿತ ವಸ್ತು ಬೇಕಾಗಿತ್ತು. ಪತ್ನಿಯ ಸೂಚನೆಯಂತೆ ಆತನು ಮನೆಯಲ್ಲಿದ್ದ ಚಹಾದ ಗಿಂಡಿಯನ್ನೇ ಆರಿಸಿಕೊಂಡು, ಅದರ ರೂಪವನ್ನು ಕಾಗದದ ಮೇಲೆ ಬರೆದು, ಅಂಕೆಗಳಾಗಿ ಯಂತ್ರಕ್ಕೆ ಒಪ್ಪಿಸಿದನು. ಘನಾಕೃತಿಗಳನ್ನು ತೋರಿಸುವ ಎಷ್ಟೋ ತಂತ್ರಾಂಶಗಳಿಗೆ ಅಂದಿನಿಂದ ಆ ಗಿಂಡಿಯೇ ಒರೆಗಲ್ಲಾಗಿದೆ.

ಬೇರೊಂದೆಡೆ ರಚಿತವಾದ ಆಕೃತಿಯನ್ನು ಆಮದು ಮಾಡಿಕೊಂಡು ತೋರಿಸುವ ತಂತ್ರಾಂಶವನ್ನು ದರ್ಶಕವೆಂದು ಕರೆಯಬಹುದು. ಅದಕ್ಕೆ ಬರುವ ಕಡತದಲ್ಲಿ ಚಿತ್ರವೇನೂ ಇರುವುದಿಲ್ಲ. ಬಿಂದುಗಳು ಎಲ್ಲೆಲ್ಲಿವೆ, ಯಾವ ಯಾವ ಬಿಂದುಗಳು ಕೂಡಿ ಒಂದೊಂದು ಮುಖವಾಗುತ್ತದೆ ಎಂಬ ಪಟ್ಟಿ ಮಾತ್ರ ಇರುತ್ತದೆ. ಆದಕಾರಣ ತೆರೆಯ ಮೇಲಿನ ರೂಪ ಕೆಟ್ಟು ಕಂಡಾಗ, ಕೆಟ್ಟಿರುವುದು ಕಡತವೋ ದರ್ಶಕವೋ ಎಂಬುದೇ ಮೊದಲ ಪ್ರಶ್ನೆ. ಕೆಟ್ಟ ಕಡತವೊಂದು ಚೆನ್ನಾಗಿ ಕಾಣಲೆಂದು ದರ್ಶಕವನ್ನೇ ತಿದ್ದಿದರೆ ಒಳ್ಳೆಯ ಕಡತಗಳೆಲ್ಲವೂ ಕೆಟ್ಟು ಕಾಣುತ್ತವೆ.

ಇದನ್ನರಿತವನು ಅರಮನೆಯ ಆಕೃತಿಯಿಂದ ಪರೀಕ್ಷೆಯನ್ನು ತೊಡಗುವುದಿಲ್ಲ. ಒಂದು ಘನಚೌಕವನ್ನು ತೆಗೆದುಕೊಳ್ಳುತ್ತಾನೆ. ಅದಕ್ಕೆ 8 ಮೂಲೆಗಳು, 6 ಮುಖಗಳು. ಪ್ರತಿ ಮುಖಕ್ಕೆ ಎರಡರಂತೆ 12 ತ್ರಿಕೋನಗಳು. ಲೆಕ್ಕ ಬೆರಳೆಣಿಕೆಯದು. ಒಂದು ಮುಖ ಮಾಯವಾಗಿದ್ದರೆ, ಅದರ ಬಿಂದುಗಳನ್ನು ಹೇಳಿದ ಕ್ರಮವನ್ನು ನೋಡಬೇಕು. ಹೊರಗಿನಿಂದ ನೋಡುವಾಗ ಆ ಕ್ರಮವು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿರಬೇಕೆಂಬುದು ಸಾಮಾನ್ಯ ರೂಢಿ. ತಿರುವುಮುರುವಾದರೆ ದರ್ಶಕವು ಅದನ್ನು ಹಿಂಬದಿಯ ಮುಖವೆಂದು ಬಗೆದು ಬಿಟ್ಟುಬಿಡಬಹುದು. ತ್ರಿಕೋನಗಳೆಲ್ಲ ಸಿಕ್ಕಾಪಟ್ಟೆ ಹೆಣೆದುಕೊಂಡು ಮುಳ್ಳಿನ ಪೊದೆಯಂತಾದರೆ ಎಣಿಕೆಯನ್ನು ಶಂಕಿಸಬೇಕು. ಓಬಿಜೆ ಎಂಬ ಬಗೆಯ ಕಡತದಲ್ಲಿ ಬಿಂದುಗಳ ಎಣಿಕೆ 1ರಿಂದ ಆರಂಭವಾಗುತ್ತದೆ. ಹೆಚ್ಚಿನ ಗಣಕಭಾಷೆಗಳಾದರೋ ಸೊನ್ನೆಯಿಂದ ಎಣಿಸುತ್ತವೆ. ಆ ಒಂದರ ಅಂತರವನ್ನು ಮರೆತರೆ ಮೂಲೆಗಳೆಲ್ಲ ಅದಲುಬದಲಾಗುತ್ತವೆ.

ಆದರೆ ಘನಚೌಕವು ಎಲ್ಲವನ್ನೂ ಹೇಳಲಾರದು. ಅದನ್ನು ಮಗ್ಗುಲಿಗೆ ಕೆಡವಿದರೂ ಘನಚೌಕವೇ. ಕೆಲವು ತಂತ್ರಾಂಶಗಳು ವೈ ಅಕ್ಷವನ್ನು, ಕೆಲವು ಜ಼ಡ್ ಅಕ್ಷವನ್ನು ಮೇಲ್ಮುಖವೆಂದು ಎಣಿಸುವುದರಿಂದ ಆಮದಾದ ಆಕೃತಿ ಮಲಗಿಬಿಡುವುದುಂಟು. ಈ ದೋಷವನ್ನು ಮುಚ್ಚಳವೂ ಹಿಡಿಯೂ ಉಳ್ಳ ಗಿಂಡಿ ಒಡನೆಯೇ ಬಯಲುಮಾಡುತ್ತದೆ.

ಗಿಂಡಿಗೂ ಒಂದು ಕೊರತೆಯುಂಟು. ಕನ್ನಡಿಯಲ್ಲಿ ನೋಡಿದರೂ ಅದು ಗಿಂಡಿಯಂತೆಯೇ ತೋರುತ್ತದೆ. ಎಡಬಲಗಳು ಪಲ್ಲಟವಾಗಿರುವುದನ್ನು ಕಾಣಲು ಎಡಗಾಲಿನ ಚಪ್ಪಲಿಯಂಥ ವಸ್ತು ಬೇಕು. ಇದು ಅಲ್ಪ ಸಂಗತಿಯಲ್ಲ. ಮುರಿದ ದವಡೆಯ ಆಕೃತಿಯನ್ನು ತೆರೆಯ ಮೇಲೆ ನೋಡಿ ಶಸ್ತ್ರಕ್ರಿಯೆಯನ್ನು ಯೋಜಿಸುವ ವೈದ್ಯನಿಗೆ ಎಡದ ಮೂಳೆ ಬಲದಲ್ಲಿ ತೋರಿದರೆ ಗತಿಯೇನು? ಆ ದವಡೆಯಾದರೋ ನೋಟಕ್ಕೆ ಎಲ್ಲಿಯೂ ಕುಂದಿಲ್ಲದೆ ಸುಂದರವಾಗಿಯೇ ಇರುತ್ತದೆ.

ಇನ್ನು, ಗಿಂಡಿಯನ್ನು ಬುಡಮೇಲು ಮಾಡಿ ನೋಡಿ ತಳವಿಲ್ಲವೆಂದು ಗಾಬರಿಗೊಂಡು ದರ್ಶಕವನ್ನು ತಿದ್ದಹೊರಡುವವರಿದ್ದಾರೆ. ನ್ಯೂವೆಲ್ ಮೊದಲು ಕೊಟ್ಟ ಅಂಕೆಗಳಲ್ಲಿ ತಳವೇ ಇರಲಿಲ್ಲ. ಅದನ್ನು ಅನಂತರ ಸೇರಿಸಲಾಯಿತು. ಅವನ ಸಹೋದ್ಯೋಗಿ ಜಿಮ್ ಬ್ಲಿನ್ ಒಂದು ಪ್ರದರ್ಶನದ ವೇಳೆ ಆಕೃತಿಯ ಎತ್ತರವನ್ನು ತಗ್ಗಿಸಿದನು; ಆ ಕುಳ್ಳು ರೂಪವೇ ಮೆಚ್ಚುಗೆಯಾಗಿ ಹಾಗೆಯೇ ಉಳಿಯಿತು. ಕ್ಯಾಲಿಫೋರ್ನಿಯಾದ ಗಣಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿರುವ ಮೂಲ ಗಿಂಡಿಯು ತನ್ನ ಪ್ರಸಿದ್ಧ ಪ್ರತಿರೂಪಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ಎತ್ತರವಾಗಿದೆ.