ನಿಮ್ಮ ಹಾಡುಗಳು ಎಲ್ಲಿ ಹೋದವು?

ಅಮ್ಮ ಹಾಡಿದ ಹಸೆಹಾಡು, ಅತ್ತೆಯ ಆರತಿ ಹಾಡು, ಮಗಳ ಮೊದಲ ತೊದಲು ಮಾತು — ಹಳೆಯ ಕ್ಯಾಸೆಟ್ಟಿನಿಂದ ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಜೋಪಾನ ಮಾಡಿದ ಮನೆಗಳು ಎಷ್ಟಿಲ್ಲ! ಈಗ ತಿಂಗಳ ಚಂದಾ ಕಟ್ಟಿದರೆ ಲಕ್ಷಾಂತರ ಹಾಡು ಮೊಬೈಲಿನಲ್ಲೇ. ಮಕ್ಕಳ ಮಾತು ಕೇಳಿ ನೀವೂ ಸೇರಿದಿರಿ. ನಾಲ್ಕು ದಿನ ಕಳೆದು ನೋಡಿದರೆ ಒಂದು ಹಾಡು ಎರಡೆರಡು ಸಲ, ಇನ್ನೊಂದು ನಾಪತ್ತೆ! "ಅಯ್ಯೋ, ಹೋಯ್ತಲ್ಲಾ" ಅಂತ ಗಾಬರಿಯಾಗಬೇಡಿ. ಕಾರಣ ತಿಳಿದರೆ ಉಪಾಯವೂ ಉಂಟು.

2015ರ ಜೂನ್ 30ರಂದು ಆರಂಭವಾದ ಆಪಲ್ ಮ್ಯೂಸಿಕ್ಕನ್ನೇ ತೆಗೆದುಕೊಳ್ಳಿ. ಅದರ 'ಸಿಂಕ್ ಲೈಬ್ರರಿ' ಚಾಲೂ ಮಾಡಿದರೆ, ನಿಮ್ಮ ಪ್ರತಿ ಹಾಡನ್ನೂ ಅದು ತನ್ನ ಭಂಡಾರದೊಂದಿಗೆ ತಾಳೆ ನೋಡುತ್ತದೆ. ಹೊಂದಿದರೆ ನಿಮ್ಮ ಫೋನಿಗೆ ತನ್ನ ಪ್ರತಿಯನ್ನೇ ಕೊಡುತ್ತದೆ. ಹೊಂದದಿದ್ದರೆ ನಿಮ್ಮದರ ನಕಲನ್ನು ಇಂಟರ್‌ನೆಟ್ಟಿಗೆ ಏರಿಸಿಕೊಳ್ಳುತ್ತದೆ. ಇಲ್ಲೇ ಗೊಂದಲ ಹುಟ್ಟುವುದು. ಹಾಗಾದರೆ ಏನು ಮಾಡಬೇಕು?

1. ಎಲ್ಲಕ್ಕೂ ಮೊದಲು, ಹಾಡುಗಳನ್ನೆಲ್ಲ ಬೇರೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿಡಿ. ಸಿಂಕ್ ಲೈಬ್ರರಿ ತಿಜೋರಿಯಲ್ಲ.

2. ಕಂಪ್ಯೂಟರಿನ ಹಾಡಿನ ಪಟ್ಟಿಯಲ್ಲಿ 'ಕ್ಲೌಡ್ ಸ್ಟೇಟಸ್' ಎಂಬ ಕಂಬಸಾಲನ್ನು ತೆರೆಯಿರಿ. 'ಮ್ಯಾಚ್ಡ್' ಎಂದರೆ ತಾಳೆಯಾಗಿದೆ, 'ಅಪ್‌ಲೋಡೆಡ್' ಎಂದರೆ ನಿಮ್ಮದೇ ಏರಿದೆ, 'ವೇಟಿಂಗ್' ಎಂದರೆ ಸ್ವಲ್ಪ ಕಾಯಿರಿ, 'ಡೂಪ್ಲಿಕೇಟ್' ಎಂದರೆ ಎರಡನೆಯ ಪ್ರತಿ.

3. 'ಇನೆಲಿಜಿಬಲ್' ಎಂದಿದ್ದರೆ ಅದು ಏರಲಾರದು. 200 ಎಂಬಿ ಮೀರಿದ ಅಥವಾ ಎರಡು ಗಂಟೆಗಿಂತ ಉದ್ದದ ಧ್ವನಿ ಒಂದೇ ಕಡತದಲ್ಲಿದ್ದರೆ ಹೀಗಾಗುತ್ತದೆ. ಇಡೀ ಮದುವೆಯ ಹಾಡು ಒಂದೇ ಕಡತದಲ್ಲಿದೆಯೇ? ತುಂಡು ಮಾಡಿ.

4. 'ಟ್ರ್ಯಾಕ್ 01' ಎಂದು ಬಿಟ್ಟರೆ ಹುಡುಕುವವರು ಯಾರು? ಬೇಳೆ ಡಬ್ಬಕ್ಕೆ ಚೀಟಿ ಅಂಟಿಸುವ ಹಾಗೆ ಹಾಡು, ಹಾಡಿದವರು, ವರ್ಷ ಬರೆಯಿರಿ.

5. ಫೋನಿನಲ್ಲಿ ಹಾಡೇ ಕಾಣದೇ? ಎರಡೂ ಕಡೆ ಒಂದೇ ಖಾತೆಯಿದೆಯೇ, ಸಿಂಕ್ ಚಾಲೂ ಇದೆಯೇ ನೋಡಿ.

6. ಫೋನಿನಲ್ಲಿ ಜಾಗ ಸಾಲದಿದ್ದರೆ 'ರಿಮೂವ್ ಡೌನ್‌ಲೋಡ್' ಮಾತ್ರ ಒತ್ತಿರಿ. 'ಡಿಲೀಟ್ ಫ್ರಂ ಲೈಬ್ರರಿ' ಒತ್ತಿದರೆ ಸಿಂಕ್ ಇರುವ ಉಳಿದ ಕಡೆಯೂ ಹೋದೀತು, ಜೋಕೆ!

ಚಂದಾ ನಿಲ್ಲಿಸಿದರೆ ಏನಾಗುತ್ತೆ ಅಂತೀರಾ? ಅಲ್ಲಿಂದ ಇಳಿಸಿಕೊಂಡ ಹಾಡುಗಳು ಬಾಯಿ ಮುಚ್ಚುತ್ತವೆ. ಕಂಪ್ಯೂಟರಿನಲ್ಲಿರುವ ನಿಮ್ಮ ಸ್ವಂತ ಕಡತಗಳು ಮಾತ್ರ ಹಾಗೇ ಇರುತ್ತವೆ. ಆದ್ದರಿಂದ "ಎಲ್ಲಾ ಮೇಲೆ ಇದೆಯಲ್ಲ" ಎಂದು ಮೂಲವನ್ನು ಅಳಿಸಲೇಬೇಡಿ. ಸಿನಿಮಾ ಹಾಡು ಇವತ್ತಲ್ಲ ನಾಳೆ ಮತ್ತೆ ಸಿಕ್ಕೀತು. ಅಮ್ಮನ ದನಿ ಯಾವ ಭಂಡಾರದಲ್ಲೂ ಇಲ್ಲ. ಇರುವುದು ನಿಮ್ಮ ಮನೆಯಲ್ಲಿ ಮಾತ್ರ.