ಉಸಿರು ಬೇಗ ಪಳಗುತ್ತದೆ, ಮೂಳೆ ನಿಧಾನ

ಓಡಲು ಶುರು ಮಾಡಿದವರು ಕಾಲು ಹಿಡಿದುಕೊಂಡು ಕೂರುವುದು ಮೊದಲ ದಿನವಲ್ಲ. ಅಂದು ಏದುಸಿರು ಬಂದು ತಾವಾಗಿಯೇ ನಿಂತುಬಿಡುತ್ತಾರೆ. ಪೆಟ್ಟು ಬೀಳುವುದು ಹೆಚ್ಚಾಗಿ ನಾಲ್ಕೈದು ವಾರ ಕಳೆದ ಮೇಲೆ, ‘ಇನ್ನು ಎಷ್ಟಾದರೂ ಓಡಬಲ್ಲೆ’ ಎಂಬ ಹುರುಪು ಹತ್ತಿದಾಗ.

ಕಾರಣ ದೇಹದೊಳಗೇ ಇದೆ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಓಟಕ್ಕೆ ಹೊಂದಿಕೊಳ್ಳುತ್ತವೆ. ಮೂಳೆಗೆ, ಸ್ನಾಯುರಜ್ಜುವಿಗೆ ತಿಂಗಳುಗಳೇ ಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿ, ಆಮೇಲಷ್ಟೇ ಹೊಸದನ್ನು ಕಟ್ಟುತ್ತದೆ. ಈ ನಡುವಿನ ವಾರಗಳಲ್ಲಿ ಅದು ಮೊದಲಿಗಿಂತ ತುಸು ದುರ್ಬಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹತೂಕದ ಎರಡು–ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಬೆಂಗಳೂರಿನ ವರ್ಲ್ಡ್ 10ಕೆ ಓಟದ ಸ್ಪರ್ಧೆಗೆ ಹೆಸರು ಕೊಟ್ಟು, ಉಳಿದ ಒಂದೂವರೆ ತಿಂಗಳಲ್ಲಿ ಹತ್ತು ಕಿಲೊಮೀಟರ್ ತಲುಪುವ ಆತುರ ಅಪಾಯಕಾರಿ ಎನ್ನುವುದು ಇದಕ್ಕೇ.

ಹಾಗಾಗಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಇಪ್ಪತ್ತೈದು ನಿಮಿಷ ಸಾಕು. ವಾರಕ್ಕೆ ಮೂರು ದಿನ, ನಡುವೆ ಬಿಡುವು. ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ನಡೆಯುವುದಕ್ಕೆ ನಾಚಬೇಕಿಲ್ಲ.

ಇನ್ನು ಹೆಜ್ಜೆ. ಹಿಮ್ಮಡಿ ಮೊದಲು ಊರಬೇಕೋ ಮುಂಗಾಲೋ ಎಂಬ ಚರ್ಚೆಗೆ ಹೊಸಬರು ತಲೆಕೆಡಿಸಿಕೊಳ್ಳುವುದು ಬೇಡ. ಪಾದ ಎಲ್ಲಿ ಬೀಳುತ್ತದೆ ಎಂಬುದೇ ಮುಖ್ಯ. ಕಾಲನ್ನು ದೂರ ಚಾಚಿ ಊರಿದರೆ ಅದು ಬ್ರೇಕಿನಂತೆ ದೇಹವನ್ನು ತಡೆಯುತ್ತದೆ, ಹೊಡೆತ ಮೊಣಕಾಲಿಗೆ ಏರುತ್ತದೆ. ಪಾದ ದೇಹದ ಕೆಳಗೇ ಬೀಳಲಿ. ಅರ್ಧ ನಿಮಿಷ ಹೆಜ್ಜೆ ಎಣಿಸಿ. 75 ಬಂದರೆ, ವೇಗ ಹೆಚ್ಚಿಸದೆ 80ರತ್ತ ತನ್ನಿ. ಹೆಜ್ಜೆ ಚಿಕ್ಕದಾದಂತೆ ಮೊಣಕಾಲಿನ ಭಾರ ಇಳಿಯುತ್ತದೆ. ನೂರು ನೀತಿಪಾಠಗಳಿಗಿಂತ ಈ ಒಂದು ತಿದ್ದುಪಡಿಯನ್ನು ನಾನು ಹೆಚ್ಚು ನಂಬುತ್ತೇನೆ.

ದುಬಾರಿ ಶೂ ಪೆಟ್ಟನ್ನು ತಡೆಯುತ್ತದೆಂಬ ಭರವಸೆ ಬೇಡ. ಕಾಲಿಗೆ ಹಿತವಾಗಿರುವುದನ್ನು ಕೊಳ್ಳಿ. ಆ ಹಣಕ್ಕಿಂತ ಮನೆಯ ಮೆಟ್ಟಿಲೇ ಹೆಚ್ಚು ಉಪಕಾರಿ. ಅದರ ಅಂಚಿನಲ್ಲಿ ತುದಿಗಾಲಲ್ಲಿ ನಿಂತು ಮೇಲೇರಿ, ನಿಧಾನವಾಗಿ ಇಳಿಯಿರಿ. ಓಟದಲ್ಲಿ ಹೆಚ್ಚು ಭಾರ ಹೊರುವ ಮೀನಖಂಡ ಹೀಗೆ ಗಟ್ಟಿಯಾಗುತ್ತದೆ.

ಎರಡೂ ಕಾಲಿನಲ್ಲಿ ಸಮನಾಗಿ ಹರಡಿದ, ಕೆಲವು ದಿನಗಳಲ್ಲಿ ಇಳಿಯುವ ಸ್ನಾಯು ನೋವಿಗೆ ಹೆದರಬೇಡಿ. ಆದರೆ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಬೆರಳಿಟ್ಟ ಒಂದೇ ಜಾಗದಲ್ಲಿ ನೋವು ಚುಚ್ಚಿದರೆ, ಕುಂಟುತ್ತ ಓಡುವಂತಾದರೆ, ಅಂದೇ ಓಟ ನಿಲ್ಲಿಸಿ. ಅದು ಮೂಳೆ ಬಿರುಕಿನ ಲಕ್ಷಣವಿರಬಹುದು. ನೋವಿನ ಮಾತ್ರೆ ನುಂಗಿ ಓಡಬೇಡಿ, ಮೂಳೆ ವೈದ್ಯರಿಗೆ ತೋರಿಸಿ.